ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ: ಕಾಲಿನ ವ್ಯಾಯಾಮದಿಂದ ಯಾರಿಗಾದರೂ ಅನುಕೂಲ ಆಗಿದೆಯಾ?

ಸಾಗರದ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯಕ್ಕೆ ಬರೆಯುತ್ತಿದ್ದೇನೆ. ಅವರಿಗೆ 71 ವರ್ಷ, ಪ್ರೈಮರಿ ಶಾಲೆ ಮೇಷ್ಟ್ರಾಗಿ ನಿವೃತ್ತರಾದವರು. ಸಾಗರದ ಹತ್ತಿರ ಹಳ್ಳಿಯಲ್ಲಿ ಅಮ್ಮ ಮತ್ತು ಅವರು ಇಬ್ಬರೇ ಇರುತ್ತಾರೆ. ನಾನು ಬೆಂಗಳೂರಿನಲ್ಲಿ.

ಹೋದ ವಾರ ಬೆಳಗಿನ ಜಾವ ಐದು ಗಂಟೆಗೆ ಬಚ್ಚಲಿಗೆ ಹೋಗಲು ಎದ್ದಿದ್ದಾರೆ. ನಾಲ್ಕು ಹೆಜ್ಜೆ ಇಟ್ಟಿದ್ದಾರೆ ಅಷ್ಟೇ. ಕಣ್ಣು ಕತ್ತಲೆ ಬಂದು ಹೊಸ್ತಿಲ ಹತ್ತಿರ ಬಿದ್ದರು. ದೇವರು ದೊಡ್ಡವನು, ಮೂಳೆಗೆ ಏನೂ ಆಗಲಿಲ್ಲ. ಮೊಣಕೈ ತರಚಿದೆ. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಕೂರಿಸಿ ನೋಡಿದ ಬಿಪಿ 100/60 ಇತ್ತಂತೆ. "ಸ್ವಲ್ಪ ಲೋ ಇದೆ, ನಿಧಾನವಾಗಿ ಏಳಿ" ಅಂತ ಹೇಳಿ ಕಳಿಸಿದರು. ಯಾವ ಮಾತ್ರೆ ತಗೊಳ್ತೀರಿ ಅಂತ ಕೂಡ ಕೇಳಲಿಲ್ಲ ಅಂತ ಅಮ್ಮನಿಗೆ ಬೇಜಾರು.

ನಮ್ಮ ಚಿಕ್ಕಪ್ಪನ ಮಗ "ಹಾಸಿಗೆಯಲ್ಲೇ ಪಾದ ಆಡಿಸಿ ಎದ್ದರೆ ಹೀಗಾಗಲ್ಲ" ಅಂತಾನೆ. ಇದು ನಿಜವಾ? ಎಷ್ಟು ಸಲ ಮಾಡಬೇಕು, ಹೇಗೆ ಮಾಡಬೇಕು? ಗೊತ್ತಿರುವವರು ಬಿಡಿಸಿ ಹೇಳಿ. ನಾನು ಇಲ್ಲಿಂದ ಫೋನಿನಲ್ಲೇ ಹೇಳಿಕೊಡಬೇಕು, ಅದಕ್ಕೆ ಕೇಳುತ್ತಿದ್ದೇನೆ.

ಹೊನ್ನಾವರದ ಅಲೆ

ನನಗೂ ಇದೇ ಕಥೆ. ಚಕ್ಕಳಮಕ್ಕಳ ಕೂತು ಹೂ ಕಟ್ಟಿ ಎದ್ದರೆ ತಲೆ ಗಿರ್ ಅನ್ನುತ್ತದೆ. ಎರಡು ಕ್ಷಣ ಗೋಡೆ ಹಿಡಿದರೆ ಸರಿಹೋಗುತ್ತದೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಹಳೇ ಮನೆ ಅಜ್ಜಿ

ಮಗಳೇ, ಲೋ ಬಿಪಿಗೆ ಉಪ್ಪು ಬೇಕು. ದಿನಕ್ಕೆ ಮೂರು ಸಲ ನಿಂಬೆಹಣ್ಣಿನ ಪಾನಕಕ್ಕೆ ಉಪ್ಪು ಹಾಕಿ ಕೊಡು. ಊಟಕ್ಕೆ ಉಪ್ಪಿನಕಾಯಿ ಇರಲಿ. ನಮ್ಮ ಕಾಲದಲ್ಲಿ ಹೀಗೇ ಮಾಡುತ್ತಿದ್ದುದು.

ಫಿಸಿಯೋ ದಾವಣಗೆರೆ

ಸಾಗರದ ಮಗಳು, ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದರಲ್ಲಿ ಸತ್ಯ ಇದೆ. ಆದರೆ ಅದು ಅರ್ಧ ಮಾತ್ರ. ಇನ್ನರ್ಧ ಗೊತ್ತಾಗದಿದ್ದರೆ ಅಪ್ಪ ಮತ್ತೆ ಬೀಳಬಹುದು. ನಾನು 14 ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮಲಗಿದ್ದಾಗ ರಕ್ತ ಮೈಯೆಲ್ಲ ಸಮನಾಗಿ ಹರಡಿರುತ್ತದೆ. ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿಗೆ, ಹೊಟ್ಟೆಯ ಕೆಳಭಾಗಕ್ಕೆ ಇಳಿಯುತ್ತದೆ. ನೀರು ತುಂಬಿದ ಚೀಲವನ್ನು ನೆಟ್ಟಗೆ ಎತ್ತಿ ಹಿಡಿದರೆ ಕೆಳಗೆ ಉಬ್ಬಿಕೊಳ್ಳುತ್ತದಲ್ಲ, ಹಾಗೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡ ಅಳೆಯುವ ನರಗಳಿವೆ. ಅವು ತಕ್ಷಣ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ, ಒತ್ತಡ ಮತ್ತೆ ಸರಿಹೋಗುತ್ತದೆ. ಎಳೆಯ ವಯಸ್ಸಿನಲ್ಲಿ ಇದು ಕೆಲವೇ ಸೆಕೆಂಡಿನ ಕೆಲಸ. ವಯಸ್ಸಾದವರಲ್ಲಿ, ಹಳೆಯ ಸಕ್ಕರೆ ಕಾಯಿಲೆ ಅಥವಾ ಪಾರ್ಕಿನ್ಸನ್ ಇರುವವರಲ್ಲಿ, ಕೆಲವು ಮಾತ್ರೆ ತಗೊಳ್ಳುವವರಲ್ಲಿ ಈ ಸುದ್ದಿ ತಡವಾಗುತ್ತದೆ. ಆ ತಡದಲ್ಲೇ ಕಣ್ಣು ಕತ್ತಲೆ ಬರುವುದು.

ಕಾಲಿನ ಪಾತ್ರ ಇಲ್ಲಿಂದ ಶುರು. ಮೊಣಕಾಲಿನ ಕೆಳಗೆ ಹಿಂದೆ ಇರುವ ಮೀನಖಂಡ ಸುಮ್ನೆ ನಡೆಯೋದಕ್ಕೆ ಮಾತ್ರ ಇಲ್ಲ. ಅದಕ್ಕೆ ನಾವು ಎರಡನೇ ಹೃದಯ ಅಂತಲೇ ಹೇಳುತ್ತೇವೆ. ಅದರೊಳಗೆ ದಪ್ಪ ಅಭಿಧಮನಿಗಳಿವೆ, ಅವುಗಳಲ್ಲಿ ಮೇಲಕ್ಕೆ ಮಾತ್ರ ತೆರೆಯುವ ಕವಾಟಗಳಿವೆ. ಹಿಮ್ಮಡಿ ಎತ್ತಿದಾಗ ಮೀನಖಂಡ ಬಿಗಿಯಾಗಿ ಆ ನಾಳಗಳನ್ನು ಹಿಂಡುತ್ತದೆ. ರಕ್ತ ಮೇಲಕ್ಕೆ ಹೋಗುತ್ತದೆ. ಸಡಿಲ ಬಿಟ್ಟಾಗ ಕವಾಟ ಮುಚ್ಚಿಕೊಳ್ಳುತ್ತದೆ, ಮೇಲೆ ಹೋದದ್ದು ಕೆಳಗೆ ಬರುವುದಿಲ್ಲ. ಬೋರ್‌ವೆಲ್ ಕೈಪಂಪು ಒತ್ತಿದ ಹಾಗೆ.

ಈಗ ಗಮನಿಸಿ. ಪಂಪು ಒತ್ತುವಷ್ಟು ಹೊತ್ತು ಮಾತ್ರ ನೀರು. ಹಾಸಿಗೆಯಲ್ಲಿ ಪಾದ ಆಡಿಸಿ, ಆಮೇಲೆ ನಿಲ್ಲಿಸಿ, ಸರಕ್ಕನೆ ಎದ್ದು ನಡೆದರೆ ಆಡಿಸಿದ್ದರ ಲಾಭ ಅಲ್ಲೇ ಉಳಿಯಿತು. ಪಾದದ ಕೆಲಸ ಮಲಗಿದಲ್ಲಿ ಶುರುವಾಗಿ, ಕೂತಲ್ಲಿ ಮುಂದುವರಿದು, ನಿಂತ ಮೇಲೂ ಇರಬೇಕು. ನಾನು ನನ್ನ ಹತ್ತಿರ ಬರುವವರಿಗೆ ಮತ್ತೆ ಮತ್ತೆ ಹೇಳುವ ಮಾತು ಇದೊಂದೇ.

ಅಪ್ಪನಿಗೆ ಹೀಗೆ ಹೇಳಿಕೊಡಿ. ಎಚ್ಚರ ಆದ ಮೇಲೆ ಮಲಗಿದಲ್ಲೇ ಪಾದವನ್ನು ತಮ್ಮ ಕಡೆ ಎಳೆದುಕೊಳ್ಳಲಿ, ಆಮೇಲೆ ಆ ಕಡೆ ತಳ್ಳಲಿ. ಹೀಗೆ 20 ಸಲ. ಮೀನಖಂಡ ಗಟ್ಟಿಯಾಗುವುದು ಕೈಯಿಟ್ಟರೆ ಗೊತ್ತಾಗಬೇಕು, ಬೆರಳು ಮಾತ್ರ ಅಲ್ಲಾಡಿದರೆ ಪ್ರಯೋಜನ ಇಲ್ಲ. ಒಂದು ಮಗ್ಗುಲಿಗೆ ಹೊರಳಿ, ಕೈ ಊರಿ, ಮಂಚದ ಅಂಚಿಗೆ ಬಂದು ಕೂರಲಿ. ಪಾದ ಎರಡೂ ನೆಲಕ್ಕೆ ಊರಿರಬೇಕು, ನೇತಾಡಬಾರದು. ಅಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಆಮೇಲೆ ಬೆರಳ ತುದಿ ಎತ್ತಿ ಇಳಿಸುವುದು. ಒಂದೆರಡು ನಿಮಿಷ. ಜೊತೆಗೆ ಕೈ ಮುಷ್ಟಿ ಬಿಗಿಹಿಡಿದು ಬಿಡಲಿ. ಉಸಿರು ಕಟ್ಟಿಕೊಳ್ಳಬಾರದು, ಇದು ಮುಖ್ಯ. ಉಸಿರು ಕಟ್ಟಿ ತಿಣುಕಿದರೆ ಹೃದಯಕ್ಕೆ ಬರುವ ರಕ್ತ ಇನ್ನೂ ಕಡಿಮೆಯಾಗುತ್ತದೆ.

ಆಮೇಲೆ ಏನಾದರೂ ಗಟ್ಟಿಯಾದದ್ದು ಹಿಡಿದು ಎದ್ದು ನಿಲ್ಲಲಿ. ಕೂಡಲೇ ನಡೆಯಬಾರದು. ನಿಂತಲ್ಲೇ ಒಂದು ಕಾಲು ಇನ್ನೊಂದು ಕಾಲು ಅಂತ ಹೆಜ್ಜೆ ಹಾಕಲಿ, ಹತ್ತು ಎಣಿಸಲಿ. ಕಣ್ಣು ಮಂಜಾದರೆ ನಾಚಿಕೆ ಬೇಡ, ಮತ್ತೆ ಕೂರಲಿ. ಮಂಚ ಹಿಂದೆಯೇ ಇರುತ್ತದೆ.

ಸಾಗರದ ಮಗಳು

ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಈಗಲೇ ಅಮ್ಮನಿಗೆ ಫೋನ್ ಮಾಡಿ ಓದಿ ಹೇಳುತ್ತೇನೆ.

ವಾರ್ಡ್ ನರ್ಸ್

ಅಜ್ಜಿಯವರ ಮಾತಿಗೆ ಗೌರವ ಇಟ್ಟುಕೊಂಡೇ ಒಂದು ಮಾತು. ಉಪ್ಪು ಕೊಡುವ ಮೊದಲು ಸ್ವಲ್ಪ ತಡೆಯಿರಿ. ಬಿಸಿಲಿಗೆ ಬಳಲಿದವರಿಗೆ, ವಾಂತಿ ಭೇದಿಯಾದವರಿಗೆ ಅಜ್ಜಿ ಹೇಳಿದ ಪಾನಕ ನಿಜಕ್ಕೂ ಒಳ್ಳೆಯದು. ಆದರೆ ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ, ಬಿಪಿ ಮಾತ್ರೆ ತಗೊಳ್ಳುವವರಿಗೆ ಡಾಕ್ಟರ್ ಹೇಳದೆ ಉಪ್ಪು ಜಾಸ್ತಿ ಮಾಡಬಾರದು.

ಸಾಗರದ ಮಗಳು, ಅಪ್ಪ ಯಾವ ಯಾವ ಮಾತ್ರೆ ತಗೊಳ್ತಾರೆ? ಎಲ್ಲವನ್ನೂ ಬರೆಯಿರಿ.

ಇನ್ನೊಂದು ಕೆಲಸ. ಮನೆಯಲ್ಲಿ ಬಿಪಿ ಮೆಷಿನ್ ಇದೆಯಾ? ಕೂರಿಸಿ ಒಂದೇ ಸಲ ನೋಡಿದರೆ ಈ ತೊಂದರೆ ಗೊತ್ತಾಗುವುದಿಲ್ಲ. ಐದು ನಿಮಿಷ ಸುಮ್ಮನೆ ಮಲಗಿಸಿ ಒಂದು ಸಲ ನೋಡಿ. ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತೆ, ಮೂರು ನಿಮಿಷಕ್ಕೆ ಮತ್ತೆ. ಕೈ ಎದೆಯ ಮಟ್ಟಕ್ಕೆ ಇರಲಿ, ಕೆಳಗೆ ಜೋತುಬಿದ್ದರೆ ಅಳತೆ ತಪ್ಪುತ್ತದೆ. ಯಾರಾದರೂ ಪಕ್ಕದಲ್ಲೇ ನಿಂತಿರಿ, ಹಿಂದೆ ಕುರ್ಚಿ ಇರಲಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ, ಇಲ್ಲವೇ ಕೆಳಗಿನ ಸಂಖ್ಯೆ 10 ಇಳಿದರೆ, ಅದು ಎದ್ದು ನಿಂತಾಗ ಬಿಪಿ ಬೀಳುವ ತೊಂದರೆ. ಬರೀ ಲೋ ಬಿಪಿಗೂ ಇದಕ್ಕೂ ವ್ಯತ್ಯಾಸ ಇದೆ.

ಸೀರೆ ಅಂಗಡಿ

ನಾನು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಹಬ್ಬದ ದಿನಗಳಲ್ಲಿ ಹತ್ತು ಗಂಟೆ ನಿಂತೇ ಇರಬೇಕು. ಎರಡು ವರ್ಷದ ಹಿಂದೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಿರಾಕಿ ಎದುರಿಗೇ ಬವಳಿ ಬಂದು ಕುಸಿದೆ. ಕೈಯಲ್ಲಿದ್ದ ಸೀರೆ ಹಾಗೇ ಮುಖದ ಮೇಲೆ ಬಿತ್ತು. ಪರೀಕ್ಷೆ ಎಲ್ಲ ಮಾಡಿಸಿದೆ, ಏನೂ ಇಲ್ಲ. ಬಿಪಿ ಯಾವಾಗಲೂ 95/60 ಆಸುಪಾಸು. ನೀರು ಕುಡಿಯದೆ, ಅಲುಗಾಡದೆ ನಿಂತದ್ದೇ ಕಾರಣ ಅಂದರು.

ಆಗ ನನಗೆ ಹೈಸ್ಕೂಲಿನ ಎನ್‌ಸಿಸಿ ದಿನಗಳು ನೆನಪಾದವು. ಆಗಸ್ಟ್ 15ರ ಪೆರೇಡ್‌ಗೆ ಅಭ್ಯಾಸ ಮಾಡುವಾಗ ಸಾವಧಾನ್‌ನಲ್ಲಿ ನಿಂತು ನಿಂತು ಒಬ್ಬರಲ್ಲ ಒಬ್ಬ ಹುಡುಗ ಬೀಳುತ್ತಿದ್ದ. ನಮ್ಮ ಉಸ್ತಾದರು ಹೇಳುತ್ತಿದ್ದರು: "ಬೂಟಿನೊಳಗೆ ಬೆರಳು ಮಡಚಿ ಬಿಡ್ರೋ, ಹಿಮ್ಮಡಿ ಮೇಲಿನ ಭಾರ ಮುಂದಕ್ಕೆ ತನ್ನಿ, ಮೊಣಕಾಲು ಕಟ್ಟಿಗೆ ಮಾಡಬೇಡಿ, ಹೊರಗೆ ಯಾರಿಗೂ ಕಾಣಬಾರದು." ಅದನ್ನೇ ಕೌಂಟರ್ ಹಿಂದೆ ಶುರು ಮಾಡಿದೆ. ಸೀರೆ ಬಿಚ್ಚಿ ತೋರಿಸುವಾಗ ತುದಿಗಾಲಲ್ಲಿ ಏಳುತ್ತೇನೆ, ಮಡಚುವಾಗ ಇಳಿಯುತ್ತೇನೆ. ಒಂದು ಸೀರೆಗೆ ನಾಲ್ಕೈದು ಸಲ ಆಗುತ್ತದೆ. ಗಂಟೆಗೊಮ್ಮೆ ಒಂದು ಲೋಟ ನೀರು. ಕೌಂಟರ್ ಕೆಳಗೆ ಒಂದು ಮರದ ಮಣೆ ಇಟ್ಟುಕೊಂಡಿದ್ದೇನೆ, ಒಂದು ಕಾಲು ಅದರ ಮೇಲೆ, ಆಮೇಲೆ ಇನ್ನೊಂದು. ಆವತ್ತಿನಿಂದ ಇಲ್ಲಿಯವರೆಗೆ ಬಿದ್ದಿಲ್ಲ.

ಫಿಸಿಯೋ ದಾವಣಗೆರೆ

ಸೀರೆ ಅಂಗಡಿಯವರೇ, ನಿಮ್ಮ ಉಸ್ತಾದರು ಹೇಳಿದ್ದು ಅಕ್ಷರಶಃ ಸರಿ. ಮೊಣಕಾಲು ಬಿಗಿ ಮಾಡಿ ಕಂಬದ ಹಾಗೆ ನಿಂತರೆ ಪಂಪು ಬಂದ್. ಮಣೆಯ ಮೇಲೆ ಕಾಲಿಡುವುದೂ ಒಳ್ಳೆಯ ಉಪಾಯ. ದೇವಸ್ಥಾನದ ಸಾಲಿನಲ್ಲಿ, ರೇಷನ್ ಅಂಗಡಿ ಮುಂದೆ, ಮದುವೆ ಮನೆಯ ಆರತಕ್ಷತೆಯಲ್ಲಿ ನಿಲ್ಲುವವರು ಎಲ್ಲರೂ ಇದನ್ನು ಕಲಿಯಬೇಕು.

ಹಾಸ್ಟೆಲ್ ಹುಡುಗಿ

ನನಗೆ 19 ವರ್ಷ. ಧಾರವಾಡದಲ್ಲಿ ಓದುತ್ತಿದ್ದೇನೆ. ಹಾಸ್ಟೆಲ್ ಮೆಸ್ಸಿನ ಸಾಲಿನಲ್ಲಿ ನಿಂತಾಗ ಒಂದೆರಡು ಸಲ ಬಿದ್ದಿದ್ದೇನೆ. ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿದಾಗಲೂ ಹಾಗೇ ಆಯಿತು. ಬೀಳುವ ಮೊದಲು ಗೊತ್ತಾಗುತ್ತದೆ. ಮೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ, ಮಾತು ದೂರದಿಂದ ಕೇಳಿದ ಹಾಗೆ ಆಗುತ್ತದೆ. ಗೆಳತಿಯರು ನಾಟಕ ಅಂತಾರೆ. ಅದು ತುಂಬಾ ನೋವಾಗುತ್ತದೆ. ನನಗೆ ಹಿಮ್ಮಡಿ ಎತ್ತುವುದು ಸಾಕಾ?

ಫಿಸಿಯೋ ದಾವಣಗೆರೆ

ತಂಗಿ, ಇದು ನಾಟಕ ಅಲ್ಲ. ನಿಮ್ಮ ಗೆಳತಿಯರಿಗೆ ಈ ಚರ್ಚೆ ತೋರಿಸಿ. ಭಯಕ್ಕೆ, ನೋವಿಗೆ, ಹೆಚ್ಚು ಹೊತ್ತು ನಿಂತದ್ದಕ್ಕೆ ನರವೊಂದು ಅತಿಯಾಗಿ ಕೆಲಸ ಮಾಡಿ ಹೃದಯದ ಬಡಿತ ನಿಧಾನ ಮಾಡುತ್ತದೆ, ರಕ್ತನಾಳ ಸಡಿಲ ಮಾಡುತ್ತದೆ. ಎಳೆಯರಲ್ಲಿ ಬವಳಿ ಬರಲು ಅತಿ ಸಾಮಾನ್ಯ ಕಾರಣ ಇದೇ. ನಿಮಗೆ ಒಂದು ಅನುಕೂಲ ಇದೆ: ಮುನ್ಸೂಚನೆ ಸಿಗುತ್ತದೆ. ಬೆವರು ಬಂದ ಆ ಕ್ಷಣದಿಂದ ಬೀಳುವವರೆಗೆ ಸ್ವಲ್ಪ ಸಮಯ ಇರುತ್ತದೆ. ಆ ಸಮಯದಲ್ಲಿ ಹಿಮ್ಮಡಿ ಎತ್ತಿದರೆ ಸಾಲದು, ಜೋರಾದದ್ದು ಬೇಕು.

ನಿಂತಲ್ಲೇ ಒಂದು ಕಾಲನ್ನು ಇನ್ನೊಂದರ ಮುಂದೆ ಕತ್ತರಿ ಹಾಕಿ. ಎರಡೂ ತೊಡೆಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. ಪೃಷ್ಠ, ಹೊಟ್ಟೆ ಬಿಗಿ ಮಾಡಿ. ಮೈ ಹಗುರಾಗುವವರೆಗೆ ಹಾಗೇ ಇರಿ. ಪಕ್ಕದಲ್ಲಿ ಗೋಡೆ ಇದ್ದರೆ ಒರಗಿಕೊಳ್ಳಿ, ಕತ್ತರಿಗಾಲಲ್ಲಿ ಆಯ ತಪ್ಪಬಹುದು. ಇನ್ನೊಂದು, ಎರಡೂ ಕೈ ಬೆರಳು ಕೊಕ್ಕೆ ಹಾಕಿ ಹೊರಕ್ಕೆ ಎಳೆಯುವುದು. ಇದ್ಯಾವುದಕ್ಕೂ ಆಗದಿದ್ದರೆ ಕುಕ್ಕರಗಾಲಲ್ಲಿ ಕೂತುಬಿಡಿ. ಕುಕ್ಕರಗಾಲು ಎಲ್ಲಕ್ಕಿಂತ ಬೇಗ ಒತ್ತಡ ಏರಿಸುತ್ತದೆ. ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ಕೂತರೆ ಯಾರೂ ಗಮನಿಸುವುದಿಲ್ಲ. ಆದರೆ ಅಲ್ಲಿಂದ ಏಳುವಾಗ ಮತ್ತೆ ಕಾಲು ಬಿಗಿಹಿಡಿದೇ ಏಳಿ, ಇಲ್ಲದಿದ್ದರೆ ಎದ್ದಾಗ ಮತ್ತೆ ಬರುತ್ತದೆ.

ಇದು ನನ್ನ ಊಹೆ ಅಲ್ಲ. 2006ರಲ್ಲಿ ಯುರೋಪಿನ ವೈದ್ಯರು ಮುನ್ಸೂಚನೆ ಸಿಗುವ 223 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ನೀರು ಕುಡಿಯಿರಿ, ಬಿಸಿಲಲ್ಲಿ ನಿಲ್ಲಬೇಡಿ ಅಂತ ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನ ಮತ್ತೆ ಬಿದ್ದರು. ಅದರ ಜೊತೆಗೆ ಈ ಕತ್ತರಿಗಾಲು, ಕೈ ಬಿಗಿ ಕಲಿತವರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ. ಪೂರ್ತಿ ನಿಲ್ಲಲಿಲ್ಲ, ಆದರೆ ಒಂದು ರೂಪಾಯಿ ಖರ್ಚಿಲ್ಲದ ಉಪಾಯಕ್ಕೆ ಇದು ಕಡಿಮೆ ಏನಲ್ಲ.

ಒಮ್ಮೆ ಹೃದಯದ ಇಸಿಜಿ, ಹಿಮೋಗ್ಲೋಬಿನ್ ಮಾಡಿಸಿಬಿಡಿ. ಬೆಳಗಿನ ತಿಂಡಿ ಬಿಡಬೇಡಿ.

ಹಾಸ್ಟೆಲ್ ಹುಡುಗಿ

ಓದುವಾಗಲೇ ಕಣ್ಣಲ್ಲಿ ನೀರು ಬಂತು. ನಾಟಕ ಅಲ್ಲ ಅಂತ ಯಾರೋ ಒಬ್ಬರು ಹೇಳಿದಿರಲ್ಲ, ಅಷ್ಟು ಸಾಕು. ತುಂಬಾ ಥ್ಯಾಂಕ್ಸ್.

ತಮ್ಮನ ಅಣ್ಣ

ಎಲ್ಲರೂ ಕಾಲಿನ ವ್ಯಾಯಾಮದ ಬಗ್ಗೆ ಮಾತಾಡುತ್ತಿದ್ದೀರಿ, ಒಳ್ಳೆಯದೇ. ಆದರೆ ನನ್ನ ಮನಸ್ಸಿನಲ್ಲಿ ಒಂದು ಭಯ ಇದೆ, ಹೇಳಲೇಬೇಕು.

ನನ್ನ ತಮ್ಮನಿಗೆ 42 ವರ್ಷ. ಎದ್ದರೆ ತಲೆ ತಿರುಗುತ್ತದೆ ಅಂತ ಒಂದು ತಿಂಗಳು ಹೇಳುತ್ತಲೇ ಇದ್ದ. ನಾವೆಲ್ಲ "ಲೋ ಬಿಪಿ ಕಣೋ, ಮಜ್ಜಿಗೆ ಕುಡಿ, ವಾಕಿಂಗ್ ಮಾಡು" ಅಂದೆವು. ಅವನು ಮಂಡಿ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುತ್ತಿದ್ದ. ಅದು ನಮಗೆ ಗೊತ್ತಿರಲಿಲ್ಲ. ಒಂದು ದಿನ ಮಲ ಟಾರಿನ ಹಾಗೆ ಕಪ್ಪಗೆ ಹೋಯಿತು ಅಂತ ಅವನ ಹೆಂಡತಿ ಹೇಳಿದಳು. ಆಸ್ಪತ್ರೆಗೆ ಹೋದಾಗ ಹೊಟ್ಟೆಯಲ್ಲಿ ಹುಣ್ಣಾಗಿ ಒಳಗೇ ರಕ್ತ ಸೋರುತ್ತಿತ್ತು. ಹಿಮೋಗ್ಲೋಬಿನ್ 6 ಇತ್ತು. ರಕ್ತ ಕೊಟ್ಟು ಉಳಿಸಿದರು.

ದಯವಿಟ್ಟು ಯಾರೂ ಕಾರಣ ಹುಡುಕದೆ ಪಾದ ಮಾತ್ರ ಆಡಿಸುತ್ತಾ ಕೂರಬೇಡಿ. ಕೈಮುಗಿದು ಕೇಳುತ್ತೇನೆ.

ವಾರ್ಡ್ ನರ್ಸ್

ತಮ್ಮನ ಅಣ್ಣ, ನೀವು ಬರೆದದ್ದು ತುಂಬಾ ಒಳ್ಳೆಯದಾಯಿತು. ನಾನೂ ಸೇರಿಸುತ್ತೇನೆ. ಎದೆನೋವು, ಉಸಿರು ಸಿಕ್ಕದಿರುವುದು, ಎದೆ ಬಡಿತ ಏರುಪೇರು, ಓಡುವಾಗ ಅಥವಾ ಭಾರ ಎತ್ತುವಾಗಲೇ ಬಿದ್ದದ್ದು, ಮಾತು ತೊದಲುವುದು, ಕೈಕಾಲಿನಲ್ಲಿ ಬಲ ಹೋಗುವುದು, ಮನೆತನದಲ್ಲಿ ಎಳೆಯ ವಯಸ್ಸಿನಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡದ್ದು, ಇವುಗಳಲ್ಲಿ ಒಂದಿದ್ದರೂ ಮನೆಮದ್ದು ಬೇಡ. ಆ ಹೊತ್ತಿಗೇ ಆಗುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಬಿದ್ದು ತಲೆಗೆ ಪೆಟ್ಟಾಗಿದ್ದು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಗಾಯ ಕಾಣದಿದ್ದರೂ ಆಸ್ಪತ್ರೆಗೆ ತೋರಿಸಲೇಬೇಕು.

ಕಾಲಿನ ವಿಷಯಕ್ಕೂ ಒಂದು ಎಚ್ಚರಿಕೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಬೇಡಿ, ವ್ಯಾಯಾಮ ಮಾಡಬೇಡಿ. ಅವತ್ತೇ ತೋರಿಸಿ.

ಐದನೇ ತಿಂಗಳು

ಅಕ್ಕ, ನಾನು ಬಸುರಿ. ಬಿಪಿ 96/58 ಇರುತ್ತದೆ. ಬೆಳಿಗ್ಗೆ ಏಳುವಾಗ ಕತ್ತಲೆ ಬರುತ್ತದೆ. ಪಾದದ ವ್ಯಾಯಾಮ ಮಾಡಬಹುದಾ?

ವಾರ್ಡ್ ನರ್ಸ್

ಮಾಡಬಹುದು. ಈ ತಿಂಗಳುಗಳಲ್ಲಿ ರಕ್ತನಾಳ ಸಡಿಲವಾಗಿ ಬಿಪಿ ಸ್ವಲ್ಪ ಇಳಿಯುವುದು ಸಾಮಾನ್ಯ, ಕೊನೆಯ ತಿಂಗಳುಗಳಲ್ಲಿ ತಾನಾಗಿ ಏರುತ್ತದೆ. ಕೂತಲ್ಲಿ ಹಿಮ್ಮಡಿ ಎತ್ತುವುದು, ಪಾದ ಗುಂಡಗೆ ತಿರುಗಿಸುವುದು ಮಾಡಿ, ಕಾಲಿನ ಊತಕ್ಕೂ ಒಳ್ಳೆಯದು. ಕತ್ತರಿಗಾಲು ಬೇಡ, ಆಯ ತಪ್ಪುತ್ತದೆ. ಅಂಗಾತ ಮಲಗಿರುವಾಗ ಕತ್ತಲೆ ಬಂದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದಿರುತ್ತದೆ, ಎಡಮಗ್ಗುಲಿಗೆ ತಿರುಗಿ. ಮುಂದಿನ ತಪಾಸಣೆಯಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿ. ನಿಜವಾಗಿ ಬಿದ್ದರೆ ಮುಂದಿನ ತಪಾಸಣೆಗೆ ಕಾಯಬೇಡಿ.

ಸಾಗರದ ಮಗಳು (ಎರಡು ದಿನಗಳ ನಂತರ)

ಊರಿಗೆ ಬಂದಿದ್ದೇನೆ. ಮೆಷಿನ್ ತಂದೆ. ಇವತ್ತು ಬೆಳಿಗ್ಗೆ ನರ್ಸ್ ಅಕ್ಕ ಹೇಳಿದ ಹಾಗೆ ನೋಡಿದೆವು.

ಮಲಗಿದ್ದಾಗ 142/82. ನಿಂತು ಒಂದು ನಿಮಿಷಕ್ಕೆ 108/66. ಮೂರು ನಿಮಿಷಕ್ಕೆ 112/68.

ನನಗೆ ಕೈ ನಡುಗಿತು. ಮಲಗಿದ್ದಾಗ ಲೋ ಅಲ್ಲವೇ ಅಲ್ಲ! ಉಪ್ಪು ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಬಂತು. ಅಜ್ಜಿ, ನೀವು ಬೇಜಾರು ಮಾಡಿಕೊಳ್ಳಬೇಡಿ, ನೀವು ಪ್ರೀತಿಯಿಂದ ಹೇಳಿದ್ದು ನನಗೆ ಗೊತ್ತು.

ಮಾತ್ರೆ ಡಬ್ಬಿ ತೆಗೆದು ನೋಡಿದೆ. ಬಿಪಿಗೆ ಒಂದು, ಅದರಲ್ಲಿ ಮೂತ್ರ ಜಾಸ್ತಿ ಮಾಡುವ ಅಂಶವೂ ಇದೆಯಂತೆ. ಪ್ರಾಸ್ಟೇಟ್ ತೊಂದರೆಗೆ ಇನ್ನೊಂದು, ಮೂರು ತಿಂಗಳ ಹಿಂದೆ ಶುರುವಾದದ್ದು. ಎರಡನ್ನೂ ರಾತ್ರಿ ಮಲಗುವಾಗ ಒಟ್ಟಿಗೆ ನುಂಗುತ್ತಾರೆ. ರಾತ್ರಿ ಎದ್ದು ಹೋಗಬೇಕಾಗುತ್ತದೆ ಅಂತ ಸಂಜೆ ಐದರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಇದನ್ನು ಅಮ್ಮನಿಗೂ ಹೇಳಿರಲಿಲ್ಲ.

ವಾರ್ಡ್ ನರ್ಸ್

ನೋಡಿದಿರಾ, ಒಂದು ಡಬ್ಬಿಯಲ್ಲಿ ಎಷ್ಟು ವಿಷಯ ಇತ್ತು. ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆಗಳು ಮೂತ್ರದ ದಾರಿಯ ಜೊತೆಗೆ ರಕ್ತನಾಳವನ್ನೂ ಸಡಿಲ ಮಾಡುತ್ತವೆ. ಅದರ ಮೇಲೆ ಬಿಪಿ ಮಾತ್ರೆ, ಅದರ ಮೇಲೆ ನೀರಿನ ಕೊರತೆ. ಬೆಳಗಿನ ಜಾವ ಮೂರೂ ಒಟ್ಟಿಗೆ ಸೇರುತ್ತವೆ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಈ ಮೂರು ಅಳತೆಗಳನ್ನು ಚೀಟಿಯಲ್ಲಿ ಬರೆದು, ಮಾತ್ರೆಗಳನ್ನು ಡಬ್ಬಿ ಸಮೇತ ಡಾಕ್ಟರ್ ಮೇಜಿನ ಮೇಲೆ ಇಡಿ. ಅಲ್ಲಿಯವರೆಗೆ ರಾತ್ರಿಗೆ ಮಂಚದ ಹತ್ತಿರವೇ ಮೂತ್ರದ ಪಾತ್ರೆ ಇರಲಿ. ಗಂಡಸರು ನಿಂತು ಮೂತ್ರ ಮಾಡುವಾಗಲೇ ಬೀಳುವುದು ಜಾಸ್ತಿ, ಕೂತೇ ಮಾಡಲಿ. ಬಚ್ಚಲಿಗೆ ಒಂದು ದೀಪ ಉರಿಯುತ್ತಿರಲಿ.

ಹೊನ್ನಾವರದ ಅಲೆ

ನಮ್ಮ ಮಾವನಿಗೆ ಊಟ ಆದ ಮೇಲೆ ಹೀಗಾಗುತ್ತದೆ. ಗಂಜಿ, ಅನ್ನ ಹೊಟ್ಟೆ ತುಂಬಾ ಉಂಡು ಎದ್ದರೆ ಗೋಡೆ ಹಿಡಿಯುತ್ತಾರೆ. ಅದೂ ಇದೇನಾ?

ಫಿಸಿಯೋ ದಾವಣಗೆರೆ

ಹೌದು, ವಯಸ್ಸಾದವರಲ್ಲಿ ಊಟದ ಮೇಲಿನ ಎರಡು ಗಂಟೆಯಲ್ಲಿ ಬಿಪಿ ಇಳಿಯುವುದುಂಟು. ಅರಗಿಸಲು ರಕ್ತ ಹೊಟ್ಟೆಯ ಕಡೆ ಹೋಗುತ್ತದೆ. ಅನ್ನ, ಮುದ್ದೆ ಒಂದೇ ಸಲಕ್ಕೆ ಜಾಸ್ತಿ ಉಂಡರೆ ಇನ್ನೂ ಹೆಚ್ಚು. ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಉಣ್ಣಲಿ. ಊಟಕ್ಕೆ ಮೊದಲು ಒಂದು ದೊಡ್ಡ ಲೋಟ ನೀರು ಕುಡಿಯಲಿ, ಡಾಕ್ಟರ್ ನೀರಿಗೆ ಮಿತಿ ಹಾಕಿರದಿದ್ದರೆ. ಊಟವಾದ ಮೇಲೆ ಕುರ್ಚಿಯಲ್ಲಿ ಕೂತು ಹಿಮ್ಮಡಿ ಎತ್ತಿ ಇಳಿಸುತ್ತಾ ಮಾತಾಡುತ್ತಿರಲಿ. ಹಂಡೆ ತುಂಬ ಬಿಸಿನೀರು ಸ್ನಾನ ಮಾಡಿ ಸೀದಾ ಏಳುವುದೂ ಇಂಥದ್ದೇ, ಬಿಸಿಗೆ ಚರ್ಮದ ನಾಳಗಳೆಲ್ಲ ಅಗಲವಾಗಿರುತ್ತವೆ.

ಮಂಡ್ಯ ಸಕ್ಕರೆ

ನನಗೆ 22 ವರ್ಷದಿಂದ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶವೇ ಕಡಿಮೆ, ಜೋಮು ಹಿಡಿದ ಹಾಗೆ ಇರುತ್ತದೆ. ತುದಿಗಾಲಲ್ಲಿ ನಿಂತರೆ ಓಲಾಡುತ್ತೇನೆ. ನನ್ನಂಥವರು ಏನು ಮಾಡುವುದು?

ಫಿಸಿಯೋ ದಾವಣಗೆರೆ

ಅಣ್ಣ, ನೀವು ನಿಂತು ಮಾಡುವುದು ಬೇಡ. ಕುರ್ಚಿಯಲ್ಲಿ ಕೂತೇ ಮಾಡಿ. ಬರಿಗಾಲಲ್ಲಿ ಅಲ್ಲ, ಮೆತ್ತಗಿನ ಚಪ್ಪಲಿ ಹಾಕಿಕೊಂಡು. ಸಂಜೆ ಅಂಗಾಲು ಕನ್ನಡಿಯಲ್ಲಿ ನೋಡಿಕೊಳ್ಳಿ, ಗುಳ್ಳೆ, ಗಾಯ ಇದೆಯಾ ಅಂತ. ಸ್ಪರ್ಶ ಇಲ್ಲದ ಪಾದಕ್ಕೆ ನೋವೂ ಗೊತ್ತಾಗುವುದಿಲ್ಲ. ಮೀನಖಂಡದ ಮೇಲೆ ಅಂಗೈ ಇಟ್ಟುಕೊಂಡು ಹಿಮ್ಮಡಿ ಎತ್ತಿ. ಪಾದಕ್ಕೆ ಗೊತ್ತಾಗದಿದ್ದರೂ ಕೈಗೆ ಗೊತ್ತಾಗುತ್ತದೆ, ಬಿಗಿಯಾಯಿತು, ಸಡಿಲವಾಯಿತು ಅಂತ. ನಿಮಗೆ ಕಾಲಿನ ಪಂಪು ಒಂದರಿಂದಲೇ ಸಾಲದೆ ಹೋಗಬಹುದು. ಹೊಟ್ಟೆಗೆ ಕಟ್ಟುವ ಪಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ಎದ್ದೇಳುವ ಮೊದಲು ಕಟ್ಟಿ, ಮಲಗುವಾಗ ಬಿಚ್ಚುವುದು. ಉದ್ದನೆಯ ಬಿಗಿ ಕಾಲುಚೀಲವೂ ಇದೆ, ಆದರೆ ನಿಮ್ಮ ಪಾದದ ರಕ್ತಸಂಚಾರ ಹೇಗಿದೆ ಅಂತ ಪರೀಕ್ಷೆ ಮಾಡಿಸದೆ ಅದನ್ನು ಹಾಕಬೇಡಿ.

ಜಿರಾಫೆ ಬಗ್ಗೆ ಒಂದು ಮಾತು ಹೇಳಬೇಕು ಅನಿಸಿತು. ಅಷ್ಟೆತ್ತರದ ಪ್ರಾಣಿಯ ಕಾಲಿಗೆ ಎಷ್ಟು ರಕ್ತ ಇಳಿದು ನಿಲ್ಲಬೇಕು ಯೋಚಿಸಿ. ನಿಲ್ಲುವುದಿಲ್ಲ. ಅದರ ಕಾಲಿನ ಚರ್ಮ ಬಿಗಿಯಾದ ಕಾಲುಚೀಲದ ಹಾಗೆ ಗಟ್ಟಿಯಾಗಿ ಸುತ್ತಿಕೊಂಡಿರುತ್ತದೆ. ನಮಗೆ ಅಂಥ ಚರ್ಮ ಇಲ್ಲ, ಸ್ನಾಯುವೇ ಆ ಕೆಲಸ ಮಾಡಬೇಕು.

ಹಳೇ ಮನೆ ಅಜ್ಜಿ

ಮಗಳೇ, ಬೇಜಾರು ಏನಿಲ್ಲ. ನನಗೂ 78 ವರ್ಷ, ಹೊಸದು ಕಲಿತೆ. ನನ್ನ ಮೊಮ್ಮಗಳು ಇದೆಲ್ಲ ಓದಿ ಹೇಳಿದಳು. ಈಗ ನಾನೂ ಎದ್ದು ಕೂತು ಪಾದ ಒತ್ತುತ್ತೇನೆ. ನಿನ್ನ ಅಪ್ಪನ ಸುದ್ದಿ ಬರೆಯುತ್ತಿರು.

ಸೀರೆ ಅಂಗಡಿ

ಒಂದು ಪ್ರಶ್ನೆ. ದಿನಾ ಮಾಡಿದರೆ ಕೊನೆಗೆ ಬಿಪಿಯೇ ಏರಿ ನಿಲ್ಲುತ್ತದಾ? ನಂದು ಇವತ್ತಿಗೂ 95/60.

ಫಿಸಿಯೋ ದಾವಣಗೆರೆ

ಇಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಹಿಮ್ಮಡಿ ಎತ್ತಿದರೆ ಆ ಹೊತ್ತಿಗೆ ಒತ್ತಡ ಕಾಪಾಡುತ್ತದೆ, ಅಷ್ಟೇ. ತೊಂದರೆ ಏನೂ ಇಲ್ಲದೆ 95/60 ಇದ್ದರೆ ಅದು ನಿಮ್ಮ ಮೈಯ ಸಹಜ ಅಳತೆ, ಅದಕ್ಕೆ ಔಷಧಿ ಬೇಕಿಲ್ಲ. ಆದರೆ ವಾರಗಟ್ಟಲೆ ಮಾಡಿದರೆ ಮೀನಖಂಡ, ತೊಡೆ ಗಟ್ಟಿಯಾಗುತ್ತವೆ, ಪಂಪು ಬಲವಾಗುತ್ತದೆ. ಅಡುಗೆಮನೆ ಕಟ್ಟೆ ಹಿಡಿದು ದಿನಕ್ಕೆ ಎರಡು ಸಲ ಹತ್ತತ್ತು ಹಿಮ್ಮಡಿ ಏರಿಕೆ, ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಸಾಕು. ಓಡಿ ಬಂದೋ, ಮೆಟ್ಟಿಲು ಹತ್ತಿಯೋ ತಟ್ಟಂತ ನಿಲ್ಲಬೇಡಿ. ಆಗ ಕಾಲಿನ ನಾಳಗಳು ಅಗಲವಾಗಿರುತ್ತವೆ, ಪಂಪು ನಿಂತ ಕೂಡಲೇ ರಕ್ತ ಅಲ್ಲೇ ಉಳಿಯುತ್ತದೆ. ನಾಲ್ಕು ಹೆಜ್ಜೆ ನಡೆದಾಡಿ ಆಮೇಲೆ ನಿಲ್ಲಿ.

ಸಾಗರದ ಮಗಳು (ನಾಲ್ಕು ವಾರಗಳ ನಂತರ)

ಎಲ್ಲರಿಗೂ ತಿಳಿಸಬೇಕು ಅಂತ ಕಾದಿದ್ದೆ.

ಶಿವಮೊಗ್ಗದಲ್ಲಿ ಬೇರೆ ಡಾಕ್ಟರಿಗೆ ತೋರಿಸಿದೆವು. ಚೀಟಿ ಮತ್ತು ಡಬ್ಬಿ ಮುಂದಿಟ್ಟೆ. ಅವರೇ ಮಲಗಿಸಿ, ನಿಲ್ಲಿಸಿ ಮತ್ತೆ ಅಳೆದರು. ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡುವ ಅಂಶ ಇಲ್ಲದ್ದನ್ನು ಕೊಟ್ಟರು. ಪ್ರಾಸ್ಟೇಟ್ ಮಾತ್ರೆಯನ್ನೂ ಬದಲಿಸಿದರು. ಹಗಲು ನೀರು ಸರಿಯಾಗಿ ಕುಡಿಯಬೇಕು ಅಂದರು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅಪ್ಪ ಎರಡು ಮರದ ತುಂಡು ಇಟ್ಟಿದ್ದಾರೆ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರ. ಹಾಗೆ ಮಲಗಿದರೆ ರಾತ್ರಿ ಮೂತ್ರವೂ ಕಡಿಮೆ, ಬೆಳಿಗ್ಗೆ ಬಿಪಿ ಬೀಳುವುದೂ ಕಡಿಮೆ ಅಂದರಂತೆ. ಮೊನ್ನೆಯ ಅಳತೆ: ಮಲಗಿದ್ದಾಗ 136/80, ನಿಂತು ಒಂದು ನಿಮಿಷಕ್ಕೆ 120/74. ಎಷ್ಟು ಪಾಲು ಮಾತ್ರೆ ಬದಲಿಸಿದ್ದರಿಂದ, ಎಷ್ಟು ಪಾಲು ಪಾದದಿಂದ, ನಾನು ಹೇಳಲಾರೆ. ಆದರೆ ಎರಡು ದಿನ ಅವಸರದಲ್ಲಿ ಪಾದದ ಕೆಲಸ ಬಿಟ್ಟು ಎದ್ದಾಗ ಕಣ್ಣು ಮಂಜಾಯಿತಂತೆ, ಮತ್ತೆ ಕೂತರಂತೆ.

ಎಣಿಕೆ ತಪ್ಪುತ್ತದೆ ಅಂತ ಅಪ್ಪ ಮೊದಲ ವಾರ ಗೊಣಗುತ್ತಿದ್ದರು. ಈಗ ಅವರೇ ದಾರಿ ಕಂಡುಕೊಂಡಿದ್ದಾರೆ. ಬೆಳಗಿನ ಜಾವ ಪಕ್ಕದ ಕೋಣೆಯಲ್ಲಿ ಮಲಗಿದ್ದ ನನಗೆ ಕೇಳಿಸಿತು. ಮಂಚದ ಅಂಚಿನಲ್ಲಿ ಕೂತು, ಹಿಮ್ಮಡಿ ಎತ್ತಿದಾಗ "ಎರಡೊಂದ್ಲ" ಅನ್ನುತ್ತಾರೆ, ಇಳಿಸಿದಾಗ "ಎರಡು". ಎತ್ತಿದಾಗ "ಎರಡೆರಡ್ಲ", ಇಳಿಸಿದಾಗ "ನಾಲ್ಕು". ಎರಡರ ಮಗ್ಗಿ ಮುಗಿದ ಮೇಲೆ ಮೂರರದ್ದು. ಮೂವತ್ತಕ್ಕೆ ಬಂದ ಮೇಲೆ ಕಿಟಕಿ ಸರಳು ಹಿಡಿದು ಎದ್ದು ನಿಂತು, ನಿಂತಲ್ಲೇ ಹೆಜ್ಜೆ ಹಾಕುತ್ತಾ ನಾಲ್ಕರ ಮಗ್ಗಿ. ಅದು ಮುಗಿದ ಮೇಲೆಯೇ ಬಚ್ಚಲ ಕಡೆ ಹೊರಡುವುದು. ಅಮ್ಮ ಒಲೆ ಹಚ್ಚುತ್ತಾ, ನಾಲ್ಕರ ಮಗ್ಗಿ ಶುರುವಾಯಿತಾ ಅಂತ ಕಿವಿಗೊಟ್ಟಿರುತ್ತಾರೆ.

ಫಿಸಿಯೋ ದಾವಣಗೆರೆ

ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ. ನಾಳೆಯಿಂದ ನನ್ನ ಹತ್ತಿರ ಬರುವವರಿಗೂ ಮಗ್ಗಿಯಲ್ಲೇ ಹೇಳಿಕೊಡುತ್ತೇನೆ.